ನಾಲ್ಕನೆಯ ಕಾಲಂ

ಹೆಸರು, ವಯಸ್ಸು, ಮನೆ ಇರುವ ಲೈನು,
ಆಮೇಲೆ ನಾಲ್ಕನೆಯದು: ಏನು ಕಲಿಯಲು ಇಷ್ಟ.
ಅಡಿಪಟ್ಟಿ ಇಟ್ಟು ಗೆರೆ ಎಳೆದವಳು ನಾನೇ.
ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ಹಾಜರಿ ಬರೆದ ಕೈ,
ಗೆರೆ ಸೊಟ್ಟಗಾದರೆ ರಾತ್ರಿ ನಿದ್ದೆ ಬಾರದು.

ಮಡಿಕೇರಿ. ನಮ್ಮ ವಾರ್ಡಿನ ಕುಟುಂಬ ದಿನ.
ಭವನದ ಬೀಗದ ಕೈ ಸಿಗುವಾಗ ಒಂಬತ್ತೂವರೆ.
ಕುರ್ಚಿ ಕೇಟರಿಂಗ್ ದೇವಸಿಯದು,
ಒಂದೊಂದರ ಬೆನ್ನಿಗೂ ಅವನ ಫೋನ್ ನಂಬರು.
ಮೈಕು ಯಾರದೋ ನಿಶ್ಚಿತಾರ್ಥಕ್ಕೆ ಹೋದದ್ದು
ಇನ್ನೂ ಮರಳಿಲ್ಲ. ಹಾಗಾಗಿ ಭಾಷಣವೂ ಇಲ್ಲ,
ದೇವರು ದೊಡ್ಡವನು.

ಟೇಬಲ್ಲಿನ ಮೇಲೆ ಕರಪತ್ರ, ಹಾರದಿರಲೆಂದು ಮೇಲೊಂದು ಬೆಣ್ಣೆಹಣ್ಣು:
ಹೊಲಿಗೆ, ಕಂಪ್ಯೂಟರು, ಡ್ರೈವಿಂಗು, ಬೇಸಿಗೆಯ ಹಾಕಿ.

ಚಿಣ್ಣವ್ವ ಮೊಮ್ಮಗನ ಕಾಲರು ಹಿಡಿದು ತಂದಳು.
"ಏನಾದರೂ ಬರಿ ಇವನಿಗೆ, ಮನೆಯಲ್ಲಿ ಮೊಬೈಲು ತಿಂತಾನೆ."
ಹುಡುಗ ಬಗ್ಗಿ ನೋಡಿ ಅಂದ: ಹೊಲಿಗೆ.
ಬರೆದೆ. ಅಜ್ಜಿ ದಾಸವಾಳದ ಗಿಡದ ಕಡೆ ತಿರುಗಿದಳು,
ತುಂಬ ಹೊತ್ತು ತಿರುಗಿಯೇ ಇದ್ದಳು.

ರಂಸೀನಾ ಕೇಳಿದ್ದು ಒಂದೇ:
"ಕ್ಲಾಸು ನಾಲ್ಕಕ್ಕೆ ಬಿಡ್ತದಾ? ನಾಲ್ಕೂಕಾಲಿಗೆ ಮಕ್ಕಳ ವ್ಯಾನು."
ಕರಪತ್ರದಲ್ಲಿ ಬಣ್ಣ ಇತ್ತು, ಫೋಟೋ ಇತ್ತು,
ಸಮಯ ಇರಲಿಲ್ಲ.
ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಹಾಕಿ ಅವಳನ್ನು ಕಳಿಸಿದೆ.
ಮೇಲಿನವರು ಪೆನ್ಸಿಲು ಓದುವುದಿಲ್ಲ, ಗೊತ್ತು.

ಆಮೇಲೆ ಮಲರ್ವಿಳಿ. ಹದಿನಾಲ್ಕು.
ನೀರಿನ ಟ್ಯಾಂಕಿನ ಹಿಂದಿನ ಲೈನು.
ಪೆನ್ನು ನನ್ನ ಕೈಯಿಂದ ತೆಗೆದು ತಾನೇ ಬರೆದಳು:
ಸೀಟಿ.

"ಸೀಟಿ ಅಂದರೆ?"
"ಊದೋದು ಟೀಚರೆ. ಆಡೋರು ಬೇಕಾದಷ್ಟು ಇದಾರೆ.
ನಿಲ್ಲಿಸೋರು ಬೇಡವಾ?"

ಸ್ವಂತ ಸ್ಟಿಕ್ಕಿಲ್ಲದೆ ಎರಡು ಬೇಸಿಗೆ
ಗೆರೆಯಾಚೆ ನಿಂತು ಚೆಂಡು ಹೆಕ್ಕಿದವಳು.
ಒಳಗಿದ್ದವರಿಗೆ ಚೆಂಡು ಕಾಣುತ್ತದೆ,
ಗೆರೆಯಾಚೆ ನಿಂತವರಿಗೆ ಆಟ.

ಮಧ್ಯಾಹ್ನ ಅಮ್ಮಂದಿರಿಗೂ ಮಕ್ಕಳಿಗೂ ಪಂದ್ಯ.
ಅಂಪೈರು ಸುಂಟಿಕೊಪ್ಪದಲ್ಲಿ, ಕೆಟ್ಟು ನಿಂತ ಬಸ್ಸಿನಲ್ಲಿ.
ವಾರ್ಡಿನ ಸದಸ್ಯ ಕುಶಾಲಪ್ಪನವರು ಫೋಟೋಕ್ಕೆಂದು ಸ್ಟಿಕ್ ಹಿಡಿದವರು
ಕೆಳಗಿಡಲು ಮನಸ್ಸಾಗದೆ ಮಕ್ಕಳ ಕಡೆ ಆಡಲು ನಿಂತರು.
ನನ್ನ ಚೀಲದ ತಳದಲ್ಲಿತ್ತು ಅಂಗನವಾಡಿಯ ಸೀಟಿ.
ಬನ್ನಿ, ಸಾಲಾಗಿ ಬನ್ನಿ ಎನ್ನಲು ಊದಿದ್ದು,
ಯಾರನ್ನೂ ತಡೆಯಲು ಊದಿದ್ದಲ್ಲ.
ಸೆರಗಿನಲ್ಲಿ ಒರೆಸಿ ಕೊಟ್ಟೆ.

ಮೂರೂವರೆಗೆ ಮಂಜು ಇಳಿಯಿತು.
ಮೊದಲು ಗೋಲುಕಂಬ ಹೋಯಿತು,
ಆಮೇಲೆ ಗೋಲು ಕಾಯುತ್ತಿದ್ದ ಫೆಲ್ಸಿ ಟೀಚರು,
ಆಮೇಲೆ ನನ್ನದೇ ಟೇಬಲ್ಲು.
ಬಿಳಿಯೊಳಗಿಂದ ಬರೀ ಉಸಿರು, ಚಪ್ಪಲಿ, ನಗು,
"ಪಾಸು ಕೊಡು ಅಮ್ಮಾ" ಎಂದು ಯಾರದೋ ಅಮ್ಮನಿಗೆ ಯಾರದೋ ಮಗ.

ಆಗ ಸೀಟಿ.

"ಕುಶಾಲಪ್ಪ ಸರ್, ನಿಮ್ಮ ಕಾಲು."
"ಯಾರದು? ನಿನಗೆ ಹೇಗೆ ಕಂಡಿತು?"
"ಕಾಣಲಿಲ್ಲ. ಮರಕ್ಕೆ ತಾಗಿದ ಸದ್ದು ಬೇರೆ ಸರ್,
ಬೂಟಿಗೆ ತಾಗಿದ್ದು ಬೇರೆ."

ಮೈದಾನ ಸುಮ್ಮನಾಯಿತು.
ಎಷ್ಟು ಸುಮ್ಮನೆ ಎಂದರೆ
ಹುಲ್ಲಿನ ಮೇಲೆ ಹನಿ ಕೂರುವುದೂ ಕೇಳಿಸಬಹುದಿತ್ತು.
ಅವಳು ಇನ್ನೊಮ್ಮೆ ಊದಿದಳು, ಸ್ವಲ್ಪ ಉದ್ದಕ್ಕೆ.
ಮಂಜಿನೊಳಗೆ ಒಂದು ಜೊತೆ ಬೂಟು
ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

ಯಾರು ಗೆದ್ದರೋ ತಿಳಿಯದು.
ಐದು ಗೋಲೆಂದು ಅಮ್ಮಂದಿರು, ಆರೆಂದು ಮಕ್ಕಳು.

ಸಂಜೆ ಕುರ್ಚಿ ಎಣಿಸಿದೆವು, ಒಂದು ಕಡಿಮೆ.
ದೇವಸಿ ಬೆನ್ನಿನ ನಂಬರಿಗೆ ತಾನೇ ಫೋನು ಮಾಡುವಂತೆ ನಟಿಸಿ ನಗಿಸಿದ.
ಪುಸ್ತಕ ಮುಚ್ಚುವ ಮೊದಲು ಕೂಡಿಸಿದೆ:
ಹೊಲಿಗೆ ಹತ್ತೊಂಬತ್ತು, ಕಂಪ್ಯೂಟರು ಇಪ್ಪತ್ತೆರಡು,
ಡ್ರೈವಿಂಗು ಏಳು, ಹಾಕಿ ಮೂವತ್ತು,
ಸೀಟಿ ಒಂದು.
ಅಂಥ ವಿಭಾಗವೇ ಇಲ್ಲ ಎನ್ನುತ್ತಾರೆ ನಗರಸಭೆಯಲ್ಲಿ.
ಕಾರ್ಬನ್ನಿನ ಕೆಳಗಿನ ಹಾಳೆಗೂ ಇಳಿಯಲೆಂದು
ಆ ಒಂದನ್ನು ಮತ್ತೆ ತಿದ್ದಿದೆ, ಒತ್ತಿ.

ಸೀಟಿ ಅವಳು ಮರಳಿ ಕೊಡಲಿಲ್ಲ, ನಾನೂ ಕೇಳಲಿಲ್ಲ.
ಎಂಟು ಗಂಟೆಯ ಹೊತ್ತಿಗೆ ಟ್ಯಾಂಕಿನ ಕಡೆಯಿಂದ
ಒಮ್ಮೆ, ಚಿಕ್ಕದಾಗಿ.
ಯಾರೋ ಬೈದರು.
ನಾಯಿಯೊಂದು ಎದ್ದು ನಿಂತು, ಯೋಚಿಸಿ, ಕೂತಿತು.