ಸಾಕ್ಷಿಗುಡ್ಡೆ

ಹೊಳೆನರಸೀಪುರದ ರಸ್ತೆಗೆ ತಾಗಿ, ಹಾಸನದ ಅಂಚಿನಲ್ಲಿ,
ಆಲೂಗಡ್ಡೆಗೆ ತಣ್ಣನೆ ಗೋದಾಮು ಕಟ್ಟುತ್ತೇವೆಂದು
ಆಲೂಗಡ್ಡೆ ಬೆಳೆಯುತ್ತಿದ್ದ ಹೊಲವನ್ನೇ ಬಗೆದೆವು.

ಮೊದಲು ಮೇಲ್ಮಣ್ಣು, ಒಂದು ಗೇಣು.
ಅದನ್ನು ಬೇರೆ ಇಡಬೇಕು, ಬೆರೆಸಬಾರದು.
ಬೇರು, ಹುಳು, ಗೊಬ್ಬರ ಇದ್ದದ್ದು ಗೋಡೆ ಹೊರುವುದಿಲ್ಲ.
ಫಕೀರಪ್ಪನ ಬಕೆಟ್ಟು ಎತ್ತಿದ ಕಡೆಯೆಲ್ಲ
ಹೋದ ವರ್ಷ ಕೀಳದೆ ಬಿಟ್ಟ ಗಡ್ಡೆ,
ಗೋಲಿಯಷ್ಟು, ಮೊಟ್ಟೆಯಷ್ಟು.
ಅವನು ಯಂತ್ರ ನಿಲ್ಲಿಸಿ, ಇಳಿದು, ಆರಿಸಿ
ಟೂಲ್ ಬಾಕ್ಸಿಗೆ ತುಂಬಿಕೊಂಡ.
ಸಂಜೆ ಶೆಡ್ಡಿನಲ್ಲಿ ಪಲ್ಯ. ನನಗೂ ಒಂದು ಬಟ್ಟಲು.
ಮಣ್ಣಿನ ವಾಸನೆ ಪೂರ್ತಿ ಹೋಗಿರಲಿಲ್ಲ.

ಅದರ ಕೆಳಗೆ ಕೆಮ್ಮಣ್ಣು, ಒಳ್ಳೆಯದು.
ಕೆರೆ ಕಡೆಯ ಮೂಲೆಯಲ್ಲಿ ಮಾತ್ರ ಗೋಡು,
ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜಾತಿ.
ತೆಗೆಸಿ ಹೊರಗೆ ಹಾಕಿಸಿದೆ, ತೊಂಬತ್ತೆರಡು ಟಿಪ್ಪರು.
ನೂರು ಅಂತ ಬರೀರಿ ಮೇಡಂ, ಕೇಳೋಕೆ ಚೆನ್ನಾಗಿರುತ್ತೆ, ಅಂದ ಇನಾಯತ್.
ತೊಂಬತ್ತೆರಡೇ ಬರೆದೆ.
ನಗುತ್ತ ಕೇಳಿದವನು ನಗುತ್ತಲೇ ಹೋದ.

ಅಗೆದ ಮಣ್ಣು ಅಗೆದ ಗುಂಡಿಗೆ ಹಿಡಿಸುವುದಿಲ್ಲ.
ಕಾಲೇಜಿನಲ್ಲಿ ಇದಕ್ಕೊಂದು ಲೆಕ್ಕ ಕಲಿತಿದ್ದೆ,
ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಹೆಚ್ಚು.
ಅಷ್ಟು ಕಾಲ ಅದುಮಿಕೊಂಡು ಮಲಗಿದ್ದು
ಒಮ್ಮೆ ಉಸಿರು ಬಿಟ್ಟಮೇಲೆ
ಹಳೆಯ ಜಾಗದಲ್ಲಿ ಸುಮ್ಮನೆ ಕೂರುತ್ತದೆಯೆ?
ನೀರು ಕುಡಿಸಬೇಕು, ಗೇಣು ಗೇಣಿಗೂ
ಎಂಟೆಂಟು ಸಲ ರೋಲರು ಹತ್ತಿಸಬೇಕು.
ಓಬಳಬೋವಿ ಒಂದು ಹಿಡಿ ಹಿಸುಕಿ, ಉಂಡೆ ಮಾಡಿ
ಸೊಂಟದೆತ್ತರದಿಂದ ಬಿಡುತ್ತಾನೆ:
ಎರಡು ಹೋಳಾದರೆ ಸರಿ,
ಪುಡಿಯಾದರೆ ಟ್ಯಾಂಕರಿಗೆ ಕೂಗು.
ನನ್ನ ಓವನ್ನು, ತಕ್ಕಡಿ, ನಂಬರು ಬರೆದ ಡಬ್ಬಿಗಳು
ಮಾರನೆ ದಿನ ಅದನ್ನೇ ಹೇಳುತ್ತವೆ,
ದಶಾಂಶ ಸೇರಿಸಿ.

ಗುಂಡಿಯ ನಡುವೆ ಅವನೊಂದು ಸಾಕ್ಷಿ ಬಿಟ್ಟಿದ್ದಾನೆ.
ಅಗೆಯದೆ ಉಳಿಸಿದ ಮಣ್ಣಿನ ಕಂಬ, ನೆತ್ತಿಯಲ್ಲಿ
ಗರಿಕೆ, ಒಂದು ತುಂಬೆಗಿಡ, ಇರುವೆಗೂಡು.
ನೆಲ ಮೊದಲು ಎಲ್ಲಿತ್ತು ಎಂಬುದಕ್ಕೆ ಅದು ಗುರುತು.
ಈಗ ಬೇಕಿಲ್ಲ ತಾತ, ಮೂರು ಕಾಲಿನ ಯಂತ್ರ ಅಳೆದಿಟ್ಟುಕೊಂಡಿದೆ, ಅಂದೆ.
ಯಂತ್ರ ನಾಳೆ ಇನ್ನೊಂದು ಸೈಟಿಗೆ ಹೊಂಟೋಯ್ತದೆ ಕಣವ್ವ,
ಇದು ಇಲ್ಲೇ ನಿಂತಿರ್ತದೆ, ಅಂದ.

ಆಮೇಲೆ ಬೀಡಿ ಹಚ್ಚಿ ಇನ್ನೊಂದು ಹೇಳಿದ.
ಅವನಪ್ಪ ನಾಲೆ ತೋಡುವ ಕಾಲಕ್ಕೆ
ರಾತ್ರಿ ಲಾಟೀನು ಹಿಡಿದು ಹೋಗಿ
ಸಾಕ್ಷಿಯ ನೆತ್ತಿಗೆ ಮೊಳದಷ್ಟು ಮಣ್ಣು ಮೆತ್ತಿ
ಮೇಲೆ ಹುಲ್ಲುಹೆಂಟೆ ಕೂರಿಸಿ ನೀರು ಚಿಮುಕಿಸಿ ಬರುತ್ತಿದ್ದನಂತೆ.
ಕಂಬ ಬೆಳೆದರೆ ಗುಂಡಿ ಆಳ, ಗುಂಡಿ ಆಳವಾದರೆ ಕೂಲಿ ಹೆಚ್ಚು.
ಯಾರಿಗೂ ತಿಳೀಲಿಲ್ವಾ?
ತಿಳೀದೆ ಏನು. ಹುಲ್ಲು ಎರಡನೆ ದಿನಕ್ಕೇ ಬಾಡ್ತು.
ನಮ್ಮವ್ವ ಬುಟ್ಟಿ ಹೊರ್ತಿದ್ಲು, ಹೊಟ್ಟೇಲಿ ನಾನು.
ಸಾಹೇಬ ಹುಲ್ಲು ನೋಡ್ದ, ಅವಳ್ನ ನೋಡ್ದ,
ಟೇಪು ಸುತ್ಕೊಂಡ, ಬರ್ಕೊಂಡ.

ಎಷ್ಟು ಬರೆದುಕೊಂಡ ಎಂದು ಅವನು ಹೇಳಲಿಲ್ಲ.
ನಾನು ಕೇಳಲಿಲ್ಲ.

ಇವತ್ತು ಕಡೆಯ ಅಳತೆ.
ಯಂತ್ರದ ಲೆಕ್ಕಕ್ಕೂ ಕಂಬದ ಲೆಕ್ಕಕ್ಕೂ
ನಾಲ್ಕು ಬೆರಳು ವ್ಯತ್ಯಾಸ.
ಏಣಿ ಹಾಕಿಸಿ ಹತ್ತಿ ನೆತ್ತಿ ಮುಟ್ಟಿ ನೋಡಿದೆ.
ಗರಿಕೆ ಹಸಿರಾಗಿಯೇ ಇದೆ, ಬೇರು ಜಗ್ಗಿದರೂ ಬರಲಿಲ್ಲ.
ಇರುವೆಗಳು. ಒಳಗಿನ ಮಣ್ಣು ಹೊರಗೆ ತಂದು
ಕಾಳು ಕಾಳಾಗಿ ಪೇರಿಸಿವೆ, ಸರಿಯಾಗಿ ನಾಲ್ಕು ಬೆರಳು,
ರಾತ್ರಿ ಪಾಳಿಯಲ್ಲಿ, ಲಾಟೀನಿಲ್ಲದೆ.

ಅಳತೆ ಪುಸ್ತಕ ಬಿಚ್ಚಿಕೊಂಡು ಕೂತಿದ್ದೇನೆ.
ಅತ್ತ ಮೇಲ್ಮಣ್ಣಿನ ಗುಡ್ಡೆಯಲ್ಲಿ
ಫಕೀರಪ್ಪನ ಕೈಗೆ ಸಿಗದ ಗಡ್ಡೆಗಳು ಎಲೆ ಬಿಟ್ಟಿವೆ.
ಅವನು ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ ಕೇಳುತ್ತಾನೆ,
ಕೆಡವ್ಲೇನ್ರಿ ಮೇಡಂ?

ಊಟ ಮಾಡಿ ಬಾ ಹೋಗು, ಅಂದೆ.