ಹಾಳೆ ೨೧೭: ಮರುಳುಮತ್ತಿ

ಸಿಕ್ಕ ಸ್ಥಳ: ಕೌಠಾ ಸೇತುವೆಯ ಕೆಳಗೆ,
ಮಾಂಜ್ರಾ ಹಿಂದೆ ಸರಿದು ಬಿಟ್ಟ ಕೆಸರು.
ಆಯುಷ್ಯ: ಒಂದು ವರ್ಷ. ಎತ್ತರ: ನನ್ನ ಸೊಂಟ.
ಹೂವಿನ ಬಣ್ಣಕ್ಕೆ ಬಂದಾಗ ಪೆನ್ನು ತಡೆಯಿತು,
ಹೂವೆಂದು ಹೇಳಿಕೊಳ್ಳುವ ಹೂವೇ ಇಲ್ಲ.

ಕುಟುಂಬ ಮಾತ್ರ ಸೂರ್ಯಕಾಂತಿಯದು.
ಮುಖ ನೋಡಿದವರು ನಂಬುವುದಿಲ್ಲ,
ಮದುವೆಗೆ ಕರೆಯದ ದಾಯಾದಿ.
ಕಾಯಿಯ ಕೊಕ್ಕೆ ಅಳೆದಳೆದು
ಪ್ರಭೇದ ಇಪ್ಪತ್ತು ಎಂದರು ಹಿಂದಿನವರು;
ಆಮೇಲಿನವರು ಎಲ್ಲ ಕೂಡಿಸಿ ಒಂದೇ ಎಂದರು.
ಗಿಡ ಎರಡೂ ಸಲ ಸುಮ್ಮನಿತ್ತು.

ತವರು ಎಂಬಲ್ಲಿ
ಸಮುದ್ರದಾಚೆ ಎಂದು ಬರೆದು
ಪಕ್ಕಕ್ಕೊಂದು ಪ್ರಶ್ನೆಚಿಹ್ನೆ ಹಾಕಿದೆ.

ಹರಡಿಕೆ ಮಾತ್ರ ಮಾಳಮ್ಮನನ್ನೇ ಕೇಳಬೇಕು.
ಉಣ್ಣೆಯಿಂದ ಕಾಯಿ ಕೀಳುತ್ತ ಕೀಳುತ್ತ
ಆಕೆ ಊರು ಹೇಳಿದಳು, ನಾನು ನಕಾಶೆಗೆ ಚುಕ್ಕಿ ಇಟ್ಟೆ:
ಸಂತಪುರ, ಠಾಣಾ ಕುಶನೂರ, ಗಡಿ ದಾಟಿ ದೇಗಲೂರ,
ಇನ್ನೂರು ಕುರಿ ರಾತ್ರಿ ಮಲಗಿದ ಹೊಲವೆಲ್ಲ.

‘ಏನಂತೀರಿ ಇದಕ್ಕೆ?’
‘ಬೆನ್ನಹತ್ತಿ ಅಂತೀವ್ರಿ. ನಾವು ಹೋದಲ್ಲಿ ಬರ್ತದ.
ನಮ್ಮತ್ತಿ ಗೋಖ್ರು ಅಂತಿದ್ಲು, ಆಕಿ ಆ ಕಡಿಯಾಕಿ.’

ಕಲ್ಲಿನ ಮೇಲಿಟ್ಟು ಒಂದನ್ನು ಸೀಳಿ ತೋರಿಸಿದೆ.
ಒಳಗೆ ಎರಡು ಬೀಜ.
ಒಂದು ಬರುವ ಮಳೆಗೆ ಏಳುತ್ತದೆ;
ಇನ್ನೊಂದು, ಅಕ್ಕನಿಗೆ ಏನಾದರೂ ಆದರೆ ಇರಲಿ ಎಂದು,
ಮತ್ತೊಂದು ವರ್ಷ ಮಲಗಿರುತ್ತದೆ.

ಮಾಳಮ್ಮ ಬಗ್ಗಿ ನೋಡಿದಳು. ಚೀಟಿ ನೋಡಿದಳು.
‘ಮತ್ತ ಒಂದೇ ವರ್ಷದ್ದು ಅಂತ ಯಾಕ ಬರಕೊಂಡೀರಿ?’

ಬಸ್ಸಿನುದ್ದಕ್ಕೂ ಉತ್ತರ ಹೊಳೆಯಲಿಲ್ಲ.

ಬೀದರಿನಲ್ಲಿ, ಚೌಬಾರಾ ಹಿಂದಿನ ಓಣಿಯಲ್ಲಿ,
ಬೀಗ ತೆಗೆಯುವಾಗ ದುಪಟ್ಟಾ ಅಂಚಿಗೆ ಮೂರು ಕಾಯಿ.
ಎರಡು ಕಿತ್ತು ಕಾಗದದಲ್ಲಿ ಸುತ್ತಿದೆ.
ಮೂರನೆಯದು ಕೈಜಾರಿ ಮೆಟ್ಟಿಲ ಸಂದಿಗೆ ಬಿತ್ತು,
ಬ್ಯಾಟರಿ ಹಿಡಿದು ಹುಡುಕಿದರೂ
ಸಿಗಲಿಲ್ಲ.