ಕೋಣಗಳನ್ನು ಎಣಿಸಿದ್ದು

ಏನೈತಿ ನಮ್ಮೂರಾಗ ನೋಡಾಕ, ಅಂತ
ಎಂಟು ವರ್ಷ ಹೇಳಿಕೊಂಡೇ ಬಂದಿದ್ದೆ
ರಿಯಾದಿನ ಆ ಹಾಸ್ಟೆಲಿನಲ್ಲಿ, ರಾತ್ರಿಪಾಳಿ ಮುಗಿಸಿ
ಒಂದೇ ಬಕೆಟ್ಟಿನಲ್ಲಿ ಇಬ್ಬರೂ ಕಾಲು ಅದ್ದಿ ಕೂತಾಗ.
ರೆಮಿ ಮಾತ್ರ ತನ್ನೂರ ಹಾಸುಗಲ್ಲಿನ ಬೀದಿಯನ್ನು
ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತಿದ್ದಳು:
ಗಾಜಿನ ಬದಲು ಸಮುದ್ರದ ಚಿಪ್ಪು ಕೂರಿಸಿದ ಕಿಟಕಿ,
ಮೋಟಾರು ಬಿಡದ ಓಣಿಯಲ್ಲಿ ಕುದುರೆಗಾಡಿ.
'ಕಲೇಸಾ' ಅಂದಳು.
'ಟಾಂಗಾ' ಅಂದೆ.
ಗೆಳೆತನ ಶುರುವಾದದ್ದು ಅಲ್ಲಿಂದ.

ಈಗ ಬಂದಿದ್ದಾಳೆ. ಎರಡೇ ದಿನ.
ರಾಯಚೂರು ಸ್ಟೇಷನ್ನಿನ ಹೊರಗೆ, ಹಣೆಗೆ ಕೈ ಅಡ್ಡ ಹಿಡಿದು
ಟಾಂಗಾ ಹುಡುಕುತ್ತಾಳೆ.
ಅದು ನಮ್ಮಪ್ಪನ ಕಾಲಕ್ಕೇ ಮುಗಿಯಿತು ರೆಮಿ, ಹತ್ತು ಆಟೋ.
ಆಟೋದವ ಕನ್ನಡಿಯಲ್ಲೇ ಇವಳನ್ನು ಅಳೆದು,
'ನೇಪಾಳದವರೇನ್ರಿ ಅಕ್ಕಾರ?'
ಅಲ್ಲ.
'ಮಣಿಪುರ?'
ಅಲ್ಲಪ್ಪೋ, ಸಮುದ್ರದಾಚೆ.
'ಹಂಗಾರ ನಮ್ಮ ಬಿಸಲು ತಡಿಯಂಗಿಲ್ಲ ಬಿಡ್ರಿ.'
ಇಂಗ್ಲಿಷಿಗೆ ತಿರುವಿ ಹೇಳಿದೆ.
ರಿಯಾದಿನ ಎಂಟು ಬೇಸಿಗೆ ತಿಂದವಳು, ಬಿದ್ದು ಬಿದ್ದು ನಕ್ಕಳು.

ಕೋಟೆಯನ್ನು ನಾನೂ ನೆಟ್ಟಗೆ ನೋಡಿದವಳಲ್ಲ.
ಶಾಲೆಗೆ ಹೋಗುವಾಗ ದಿನಾ ದಾಟುತ್ತಿದ್ದ ಗೋಡೆ ಅದು,
ಸಿನಿಮಾ ಪೋಸ್ಟರಿನ ಗೋಡೆ, ಗಂಡಸರು ನಿಲ್ಲುವ ಗೋಡೆ.
'ಎಷ್ಟು ಜನ ರಾಜರು, ಸುವಾ?'
ಬಂದವರೆಲ್ಲ, ಅಂದೆ. ಎರಡು ಹೊಳೆಯ ನಡುವಿನ ನೆಲ;
ಆ ದಡದವರಿಗೂ ಬೇಕು, ಈ ದಡದವರಿಗೂ ಬೇಕು,
ಒಬ್ಬರು ಕಟ್ಟಿದ ಬಾಗಿಲಿಗೆ ಇನ್ನೊಬ್ಬರು ಹೆಸರಿಟ್ಟರು.
'ನಮ್ಮಲ್ಲೂ,' ಅಂದಳು. ಅಷ್ಟೇ.
ರೆಮೆದಿಯೋಸ್ ಅನ್ನುವುದು ಸ್ಪೇನಿನ ಮಾತು.
ಸುವಾರ್ತಮ್ಮ ಅನ್ನುವುದು ಮಿಷನ್ ಆಸ್ಪತ್ರೆಯಲ್ಲಿ ಇಟ್ಟದ್ದು.

ಆಮೇಲೆ ಆ ಕಲ್ಲು.
ನಲವತ್ತು ಅಡಿ ಮೀರಿದ ಒಂದೇ ಕಲ್ಲು, ಗೋಡೆಯಲ್ಲಿ ಅಡ್ಡ ಮಲಗಿದೆ.
ಮೈತುಂಬ ತೆಲುಗು. ಮಾತು ಬರುತ್ತದೆ ನನಗೆ, ಅಕ್ಷರ ಬರುವುದಿಲ್ಲ.
ತರಿಸಿದವನ ಹೆಸರು ಅದರಲ್ಲಿ ಇದೆಯಂತೆ.
ಹತ್ತಿರದಲ್ಲೇ, ಗೀಚಿದ ಹಾಗೆ, ಒಂದು ಚಿತ್ರ:
ಬಂಡಿಯ ಮೇಲೆ ಇದೇ ಕಲ್ಲು, ಮುಂದೆ ಕೋಣಗಳ ಸಾಲು,
ಹಿಂದೆ ಮೀಟುಗೋಲು ಹಿಡಿದು ಒತ್ತುವ ಜನ.
ರೆಮಿ ಬೆರಳಾಡಿಸಿ ಎಣಿಸತೊಡಗಿದಳು.
ಒಂದು ಮೇಕೆ ಬಂದು ಅವಳ ಚೀಲ ಮೂಸಿತು.
ಪ್ರತಿ ಸಲವೂ ಬೇರೆ ಲೆಕ್ಕ;
ಕಾಲುಗಳೆಲ್ಲ ಸವೆದು ಒಂದರೊಳಗೊಂದು ಸೇರಿಬಿಟ್ಟಿವೆ.
'ಒತ್ತುತ್ತಾ ಇದಾನಲ್ಲ, ಇವನ ಹೆಸರಿದೆಯಾ?'
ಇಲ್ಲ ರೆಮಿ.

ಸುಮ್ಮನಾದಳು. ನಾನೂ.
ಹದಿನಾಲ್ಕನೇ ವಾರ್ಡು. ನೂರಾಮೂವತ್ತು ಕಿಲೋದ ಮುದುಕ,
ಮಂಚದಿಂದ ಸ್ಟ್ರೆಚರಿಗೆ.
ಚಾದರದ ನಾಲ್ಕು ಮೂಲೆಗೆ ನಾಲ್ಕು ದೇಶದ ಹೆಂಗಸರು,
ತಲೆಯ ಕಡೆ ನಾನು, ಕಾಲ ಕಡೆ ಇವಳು.
'ವಾಹಿದ್,' ಅಂದೆ, ಯಾಕೋ, ಮೆಲ್ಲಗೆ.
'ಇತ್ನೈನ್,' ಅಂದಳು ಗೋಡೆ ನೋಡುತ್ತಲೇ.
ಮೂರು ಅನ್ನಲಿಲ್ಲ ಇಬ್ಬರೂ.
ಮೂರು ಅಂದರೆ ಎತ್ತಬೇಕು.

ಸಂಜೆ ತೀನ್ ಕಂದೀಲಿನ ಹತ್ತಿರ ತಳ್ಳುಬಂಡಿ.
ಪೇಪರಿನ ತುಂಡಿಗೆ ಎಣ್ಣೆ ಬಿಡುತ್ತಾ ಕೂತಿತ್ತು ಬಿಸಿ ಮಿರ್ಚಿ.
ರೆಮಿ ಚೀಲದಿಂದ ಸಣ್ಣ ಶೀಸೆ ತೆಗೆದಳು: ಕಬ್ಬಿನ ವಿನೆಗರು,
ಅವಳವ್ವ ಮಾಡಿದ್ದು. ಕರಿದದ್ದಕ್ಕೆ ಇದಿಲ್ಲದೆ ಅವಳಿಗೆ ಆಗುವುದಿಲ್ಲ.
ಬಂಡಿಯ ಅಜ್ಜಿ ಎರಡು ಹನಿ ಅಂಗೈಗೆ ಹಾಕಿಸಿಕೊಂಡು ನೆಕ್ಕಿ,
ಒಂದು ಕಣ್ಣು ಮುಚ್ಚಿ,
'ಹುಣಸಿಹಣ್ಣಿಗಿಂತ ಚೂಪೈತಿ. ಯಾವೂರಾಕಿ ಈಕಿ?'
ಕೇಳಿದ್ದೇನೆಂದು ತಿಳಿಯಿತೋ ಏನೋ, ನನ್ನನ್ನು ಕಾಯದೆ
ರೆಮಿ ತಾನೇ ಊರ ಹೆಸರು ಹೇಳಿದಳು.
ನಾವು ವಿಗನ್ ಅಂದುಕೊಂಡದ್ದು ಅವಳ ಬಾಯಲ್ಲಿ ಬೀಗನ್.
'ಬೀಗರೂರಾ!' ಅಂದಳು ಅಜ್ಜಿ, ಜಾಲರಿ ಕುಟ್ಟುತ್ತಾ,
'ಮೊದ್ಲ ಹೇಳಬಾರದೇನವಾ.
ಇನ್ನೆರಡು ತಿನ್ನು. ಬೀಗರ ಕಡೆ ರೊಕ್ಕ ಇಸಗೊಳಂಗಿಲ್ಲ ನಾ.'